ನನ್ನ ಚೀಟಿ, ಮಲ್ಲಪ್ಪನ ಗುಳಿಗೆ

ಹೋದ ಸೋಮವಾರ ಜಮಖಂಡಿಯ ದವಾಖಾನೆಯಲ್ಲಿ ಮಲ್ಲಪ್ಪನ ಕಣ್ಣು ನೋಡಿದೆ. ಬಿಳುಪು ಅನ್ನುವುದು ಉಳಿದೇ ಇರಲಿಲ್ಲ. ಅರಿಷಿಣದ ನೀರಲ್ಲಿ ಅದ್ದಿ ತೆಗೆದಂತಿತ್ತು. ಅವನನ್ನು ಆ ಮಂಚಕ್ಕೆ ಹಾಕಿದವನು ನಾನೇ. (ವಾರವಾರ ಪತ್ರಿಕೆಯ ಇದೇ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವವನೂ ನಾನೇ.)

ಮಲ್ಲಪ್ಪ ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯವನು. ಪವರ್‌ಲೂಮ್ ನೇಕಾರ. ನಾಲ್ಕು ತಿಂಗಳ ಹಿಂದೆ ನನಗೆ ತೊಡೆಸಂದಿಯಲ್ಲಿ ಗಜಕರ್ಣ ಎದ್ದಿತ್ತು. ಮುಲಾಮಿಗೆ ಬಗ್ಗಲಿಲ್ಲ. ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಗುಳಿಗೆ ಬರೆದುಕೊಟ್ಟರು. ಗುಣವಾಯಿತು. ಸುಮ್ಮನಿದ್ದೆನೇ? ಹೈಸ್ಕೂಲ್ ಮಾಸ್ತರ ನಾನು, ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಹೇಳಿದೆ.

ಮಲ್ಲಪ್ಪ ಮೆಲ್ಲಗೆ ಬಂದ. "ಸರ್, ನನಗೂ ಅದೇ ತ್ರಾಸ ಐತ್ರಿ. ಮಗ್ಗದ ಮುಂದ ನಿಂತ್ರ ಬೆವರಿಗೆ ಉರಿ ಏಳತೈತಿ. ಡಾಕ್ಟರ್ ಮುಂದ ಲುಂಗಿ ಬಿಚ್ಚಾಕ ನಾಚಿಕಿ. ನಿಮ್ಮ ಚೀಟಿ ಕೊಡ್ರಿ."

ಕೊಟ್ಟೆ. ನಮ್ಮ ಓಣಿಯಲ್ಲಿ ಡಾಕ್ಟರ ಚೀಟಿಯೂ ಏಣಿಯ ಹಾಗೆ, ಬೇಕಾದವರ ಮನೆಗೆ ಹೋಗುತ್ತದೆ. ಔಷಧಿ ಅಂಗಡಿಯವನು ಅದರ ಮೇಲಿನ ಹೆಸರು ಓದಿದನೇ? ಇಲ್ಲ. ಕೊಡುವಾಗ ನಾನು ಪಾಠ ಬೇರೆ ಮಾಡಿದೆ: "ದಿನಾ ಊಟ ಆದಮ್ಯಾಲ ಒಂದು. ನಡುವ ಬಿಡಬ್ಯಾಡ. ಏನ ಆದ್ರೂ ಕೋರ್ಸ್ ಮುಗಸು."

ಆ "ಏನ ಆದ್ರೂ" ನನ್ನ ಸ್ವಂತ ಸೇರ್ಪಡೆ. ಡಾಕ್ಟರು ಹೇಳಿದ್ದೇ ಬೇರೆ. ಹಿಂದೆ ಕಾಮಣಿ, ಅಂದರೆ ಕಾಮಾಲೆ, ಆಗಿತ್ತೇ, ಕುಡಿಯುತ್ತೀರಾ, ಬೇರೆ ಗುಳಿಗೆ ನುಂಗುತ್ತೀರಾ ಎಂದು ಕೇಳಿದ್ದರು. ಊಟ ಸೇರದಿದ್ದರೆ, ಮೂತ್ರ ಕಡು ಹಳದಿಯಾದರೆ ಅಂದೇ ನಿಲ್ಲಿಸಿ ಓಡಿ ಬನ್ನಿ, ಇದು ಲಿವರ್‌ಗೆ ಪೆಟ್ಟು ಕೊಡಬಹುದು ಎಂದಿದ್ದರು. ನನಗೆ ಏನೂ ಆಗಲಿಲ್ಲವಲ್ಲ, ಮರೆತೆ. ಮಲ್ಲಪ್ಪನಿಗೆ ಹೋದ ವರ್ಷ ಕಾಮಣಿ ಆಗಿತ್ತು. ಗೋಡೆಗೆ ಗೋಡೆ ಹತ್ತಿದ ಮನೆ, ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಐದನೇ ವಾರಕ್ಕೆ ಅವನು ಮಗ್ಗದ ಮುಂದೆಯೇ ಕುಸಿದ. ಜೊತೆಗೆ ನಾನೂ ಜಮಖಂಡಿಗೆ ಹೋದೆ. ವಾರ್ಡಿನ ಡಾಕ್ಟರು ಕೇಳಿದರು: "ಬ್ಯಾರೆ ಏನರ ಔಷಧ ತಗೊಂಡೀಯೇನಪಾ?"

ಮಲ್ಲಪ್ಪ ನನ್ನ ಮುಖ ನೋಡಿದ. "ಏನಿಲ್ರಿ" ಅಂದ. ನನ್ನ ಹೆಸರು ಬರಬಾರದಲ್ಲ! ನಾನೂ ತುಟಿ ಬಿಚ್ಚಲಿಲ್ಲ. ಹದಿನೆಂಟು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಕಲಿಸಿದ ಬಾಯಿ ಇದು. ಡಾಕ್ಟರು ಪಕ್ಕದ ಮಂಚಕ್ಕೆ ಹೋದರು.

ಆಗ ಅವನ ಹೆಂಡತಿ ನೀಲವ್ವ ಸೆರಗಿನ ಗಂಟು ಬಿಚ್ಚಿದಳು. "ಸರ್, ಇವತ್ತಿನ ಗುಳಿಗಿ ಉಳದೈತ್ರಿ. ಎರಡ ತುತ್ತ ಉಂಡಾರ. ಕೊಡ್ಲೇನ್ರಿ?"

ಗುಳಿಗೆ ಕಸಿದುಕೊಂಡು ಡಾಕ್ಟರ ಹಿಂದೆ ಓಡಿದೆ, ಎಲ್ಲ ಹೇಳಿದೆ. ಅವರು ಬೈದದ್ದು ಅಚ್ಚು ಹಾಕುವಂಥದ್ದಲ್ಲ. ಇನ್ನೆಂಟು ದಿನ ನುಂಗಿದ್ದರೆ ತಮ್ಮ ಕೈಲೂ ಉಳಿಸಲು ಆಗುತ್ತಿರಲಿಲ್ಲ ಅಂದರು.

ಮಲ್ಲಪ್ಪ ಉಳಿಯುತ್ತಾನಂತೆ. ನಿನ್ನೆ ನೋಡಲು ಹೋದೆ. ಬೈಯಲಿ ಎಂದೇ ಹೋದೆ. ಅವನು ಕಷ್ಟಪಟ್ಟು ಎದ್ದು ಕೂತು ಕೈಮುಗಿದ.

"ತಪ್ಪಾತ್ರಿ ಸರ್. ನೀವು ಹೇಳಿದಂಗ ಕೋರ್ಸ್ ಮುಗಸಾಕ ಆಗಲಿಲ್ಲ."

ಇಂಥವನಿಗೆ ವಿಷ ಹಾಕಲು ವೈರಿಯೇ ಬೇಕೇ, ಒಬ್ಬ ಮಾಸ್ತರ ಸಾಲದೇ?