ನೀರು ಬಾರದ ಪೈಪು

ನನ್ನ ಭಾವನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ ಎಂದೇ ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದೆ. ಅಕ್ಕನ ಗಂಡ, ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಗುಮಾಸ್ತ. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ, ಇವರು ಕಿಟಕಿಯೊಳಗೆ ಕೂತು ಗುಂಡಿ ಒತ್ತುತ್ತಾರೆ, ಚೀಟಿ ಹರಿದು ಕೊಡುತ್ತಾರೆ, ಲಾರಿ ಹೋಗುತ್ತದೆ. ಅದನ್ನಾದರೂ ಒಂದೇ ಸಲಕ್ಕೆ ಮಾಡಿ ಮುಗಿಸುವ ಪ್ರಾಣಿಯಲ್ಲ. ಅಂಕಿ ನಿಂತಿತೋ ಇಲ್ಲವೋ ಎಂದು ಮೂರು ಸಲ ನೋಡಿ, ಡ್ರೈವರ್ ಹಾರ್ನ್ ಹೊಡೆದು ಬಾಯಿಗೆ ಬಂದಂತೆ ಬೈಯುವ ತನಕ ಚೀಟಿ ಕೈ ಬಿಡುವುದಿಲ್ಲ. ನಾನು ಇಟ್ಟ ಹೆಸರು ‘ಅಳೆದುಸುರಿದು’. ಅಕ್ಕನ ಎದುರಿಗೇ ಹಾಗೆ ಕರೆಯುತ್ತಿದ್ದೆ, ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಭಾವನಿಗೂ ಅದು ಗೊತ್ತಿತ್ತು.

ನಾನು ಪ್ಲಂಬರ್. ಕೈಕೆಲಸ ಬಲ್ಲವನಿಗೆ ಕಾಗದದ ಜನರನ್ನು ಕಂಡರೆ ಇರುವ ತಾತ್ಸಾರ ನನಗೂ ಇತ್ತು, ಒಂದು ಗುಲಗಂಜಿ ಜಾಸ್ತಿಯೇ ಇತ್ತು. ಮದುವೆಯಾದ ಹೊಸತರಲ್ಲಿ ಈ ಮಹಾಶಯರು ಅಡುಗೆಮನೆ ನಲ್ಲಿಯ ವಾಷರ್ ಬದಲಾಯಿಸಲು ಒಂದು ಭಾನುವಾರ ಪೂರ್ತಿ ತೆಗೆದುಕೊಂಡರು. ಸಂಜೆ ಹೋಗಿ ನೋಡಿದರೆ ಮೂರು ವಾಷರುಗಳನ್ನು ಸಾಲಾಗಿ ಜೋಡಿಸಿಕೊಂಡು, ಅಳತೆಪಟ್ಟಿ ಹಿಡಿದು, ಪರೀಕ್ಷೆಗೆ ಕೂತ ಹಾಗೆ ಕೂತಿದ್ದಾರೆ. ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಕೈ ಒರೆಸಿಕೊಂಡೆ. ಅವತ್ತಿನಿಂದ ಅವರು ನನ್ನ ಲೆಕ್ಕಕ್ಕೆ ಬಾರದ ಮನುಷ್ಯ.

ಇಂಥವರು ಉಪ್ಪುನೀರಿನ ಮೀನು ಸಾಕಿದರು. ಮುಂದಿನ ಕೋಣೆಯಲ್ಲಿ ಕಪಾಟಿನ ಮೇಲೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರೊಳಗೆ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಹೆಬ್ಬೆರಳುದ್ದದವು, ವಯಸ್ಸು ಹನ್ನೊಂದು ವರ್ಷ. ಸಿಹಿನೀರಿನ ಮೀನಾದರೆ ಚಿಟಿಕೆ ಕಾಳು ಉದುರಿಸಿದರೆ ಮುಗಿಯಿತು. ಇವಕ್ಕೆ ಉಪ್ಪನ್ನು ತೂಗಿ ಕರಗಿಸಬೇಕು, ನೀರಿನ ಬಿಸಿ ನೋಡಬೇಕು, ಗಾಜಿನ ಪಾಚಿ ಕೆರೆಯಬೇಕು. ಅಳೆಯುವ ಚಟದವರಿಗೆ ಹೇಳಿ ಮಾಡಿಸಿದ ಸೇವೆ. ಹುಬ್ಬಿನ ಮೇಲೆ ಲಾರಿಯ ಧೂಳು ಕೂತಿರುತ್ತಿತ್ತು, ಕೈ ಮಾತ್ರ ತೊಳೆದುಕೊಂಡು ಬಂದು ತೊಟ್ಟಿಯ ಮುಂದೆ ಸ್ಟೂಲು ಎಳೆದುಕೊಳ್ಳುತ್ತಿದ್ದರು. ಮನೆಯಲ್ಲಿ ಯಾರ ಹತ್ತಿರವೂ ನಾಲ್ಕು ಮಾತಾಡದ ಮನುಷ್ಯ ಆ ಮೀನುಗಳ ಹತ್ತಿರ ಸಣ್ಣ ದನಿಯಲ್ಲಿ ಏನೋ ಹೇಳುತ್ತಾ ಕೂತಿರುತ್ತಿದ್ದರು. “ನನ್ ಹತ್ರ ಇದ್ರಲ್ಲಿ ಅರ್ಧ ಮಾತಾಡಿದ್ರೂ ಸಾಕಿತ್ತು” ಎಂದು ಅಕ್ಕ ಗೊಣಗುತ್ತಿದ್ದಳು. ಒಬ್ಬ ಗಂಡಸು ಇಡೀ ಆಯುಷ್ಯದಲ್ಲಿ ಕಟ್ಟಿಕೊಂಡದ್ದು ಇಷ್ಟೇನಾ ಎಂದು ನನಗೆ ಅಸಹ್ಯವಾಗುತ್ತಿತ್ತು.

ಆ ತೊಟ್ಟಿಯ ನೀರು ಕಪಾಟಿನೊಳಗಿನ ಇನ್ನೊಂದು ತೊಟ್ಟಿಗೆ ಇಳಿದು, ಅಲ್ಲಿ ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲಕ್ಕೆ ಹೋಗಬೇಕು. ಇಳಿಯುವ ದಾರಿಗೆ ಓವರ್‌ಫ್ಲೋ ಎನ್ನುತ್ತಾರೆ. ಭಾವನ ಹಳೆಯ ಓವರ್‌ಫ್ಲೋ ಗಾಜಿನ ಅಂಚಿಗೆ ನೇತುಹಾಕುವ ಡಬ್ಬಿ. ಅದರ ಬಗ್ಗಿದ ಕೊಳವೆ ನೀರನ್ನು ಎಳೆದು ಆಚೆಗೆ ಇಳಿಸುತ್ತಿತ್ತು. ಒಂದು ದಿನ ಕರೆಂಟು ಹೋಗಿ ಬಂದಾಗ ಕೊಳವೆಗೆ ಗಾಳಿ ಸೇರಿ ಎಳೆತ ಕಡಿಯಿತು. ನೀರು ಇಳಿಯುವುದು ನಿಂತಿತು, ಪಂಪು ಮಾತ್ರ ಏರಿಸುತ್ತಲೇ ಇತ್ತು. ತೊಟ್ಟಿ ತುಂಬಿ, ನೆಲಕ್ಕೆ ಚೆಲ್ಲಿ, ಕೆಳಗಿನ ಮನೆಯ ಸೂರಿನಿಂದ ತೊಟ್ಟಿಕ್ಕಿತು.

ಕೆಳಗೆ ಇರುವವರು ಮನೆಯ ಒಡತಿ, ರಿಟೈರಾದ ಹೆಡ್‌ಮಿಸ್ಸು. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು.

“ಇನ್ನೊಂದ್ ಹನಿ. ಒಂದೇ ಒಂದ್ ಹನಿ ನನ್ನ ಸೂರಿಂದ ಬಿದ್ರೆ ಆ ಗಾಜಿನ್ ಪೆಟ್ಟಿಗೆ ಈ ಮನೇಲಿ ಇರ್ಬಾರ್ದು. ಅರ್ಥ ಆಯ್ತಾ?”

“ಆಯ್ತಮ್ಮ” ಎಂದರು ಭಾವ. ಐವತ್ತೆರಡರ ಗಂಡಸು, ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ.

ಹೊಸ ಓವರ್‌ಫ್ಲೋ ಆರಿಸಲು ಆರು ವಾರ ಹಿಡಿಯಿತು. ನೇತುಹಾಕುವ ಡಬ್ಬಿಗಳಲ್ಲಿ ಒಂಬತ್ತು ಬಗೆ ನೋಡಿ ಒಂಬತ್ತನ್ನೂ ಬೇಡ ಎಂದರು. ಗಾಜಿಗೇ ತೂತು ಕೊರೆಯಬೇಕು, ಎಳೆತದ ಹಂಗೇ ಇರಬಾರದು ಎಂಬುದು ತೀರ್ಮಾನ. ಅದನ್ನು ನಾನು ಮೊದಲ ದಿನವೇ ಹೇಳಿದ್ದೆ.

“ತಳಕ್ಕೆ ತೂತು ಹಾಕಿ, ಪೈಪ್ ಹಿಡಿಯೋ ಟ್ಯಾಂಕ್ ನಿಪ್ಪಲ್ ಕೂರ್ಸಿದ್ರೆ ಮುಗೀತು ಭಾವ. ಅರ್ಧ ದಿನದ್ ಕೆಲ್ಸ.”

“ಸ್ವಲ್ಪ ತಡಿ” ಎಂದರು. ಮೊಬೈಲನ್ನು ಬೆಳಗಿಸಿ ಕಪಾಟಿನೊಳಗೆ ತಳದ ಗಾಜಿನ ಕೆಳಗಿಟ್ಟು, ಯಾರದೋ ಪೋಲರಾಯ್ಡ್ ಕಪ್ಪು ಕನ್ನಡಕ ಎರವಲು ತಂದು ಹಾಕಿಕೊಂಡು, ಸ್ಟೂಲಿನ ಮೇಲೆ ನಿಂತು ನೀರೊಳಗೆ ಇಣುಕಿದರು. ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. “ಕಲೆ ಕಲೆ ಕಾಣ್ತಿದೆ. ಹಂಗ್ ಕಂಡ್ರೆ ಅದು ಟಫನ್ಡ್, ಕಾಯ್ಸಿ ಗಟ್ಟಿ ಮಾಡಿದ್ ಗಾಜು, ಡ್ರಿಲ್ ಬಿಟ್ಟು ತಾಗಿದ್ರೆ ಪುಡಿಪುಡಿ. ಹಿಂದಿನ್ ಗಾಜು ಮಾಮೂಲಿದು, ಅಲ್ಲೇ ಹಾಕ್ಬೇಕು.” ಆಮೇಲೆ ಗಾಜಿನಂಗಡಿಯವನನ್ನು ಕೇಳಿದೆ. ಭಾವ ಹೇಳಿದ್ದು ಸರಿ ಇತ್ತು. ಸರಿ ಇದ್ದದ್ದಕ್ಕೆ ಇನ್ನಷ್ಟು ಉರಿಯಿತು.

ಅವರ ಯೋಜನೆಯಲ್ಲಿ ಎರಡು ತೂತು, ಎರಡು ಪೈಪು. ತೊಟ್ಟಿಯ ಒಳಗೆ ಹಿಂದಿನ ಗಾಜಿಗೆ ಅಂಟಿದ ಒಂದು ಡಬ್ಬಿ, ಬಾಚಣಿಗೆಯಂಥ ಹಲ್ಲು ದಾಟಿ ನೀರು ಅದರೊಳಗೆ ಬೀಳುತ್ತದೆ. ಅಲ್ಲಿಂದ ಒಂದನೇ ಪೈಪು ಎಲ್ಲ ನೀರನ್ನೂ ಕೆಳಗಿಳಿಸುತ್ತದೆ. ಎರಡನೆಯದರ ಬಾಯಿ ಎರಡು ಇಂಚು ಮೇಲೆ, ನೀರಿನ ಮಟ್ಟದಿಂದ ಹೊರಗೆ.

“ಹಂಗಾದ್ರೆ ಅದ್ರಲ್ಲಿ ನೀರೇ ಬರಲ್ವಲ್ಲ?” ಎಂದೆ.

“ಬರ್ಬಾರ್ದು. ಮೊದಲ್ನೇದು ಕಟ್ಕೊಂಡ್ ದಿನ ಬರತ್ತೆ. ಅವತ್ತು ನಮ್ಮನ್ನ ಉಳ್ಸೋದು ಅದೊಂದೇ.”

ಮೂವತ್ತು ವರ್ಷ ನೀರು ಬರಲಿ ಎಂದು ಪೈಪು ಹಾಕಿದ್ದೇನೆ. ನೀರು ಬರಬಾರದು ಎಂದು ಪೈಪು ಹಾಕಿಸುವ ಮನುಷ್ಯನನ್ನು ಅವತ್ತೇ ಕಂಡದ್ದು. ಹಾರ್ಡ್‌ವೇರ್ ಅಂಗಡಿಯ ಕಟ್ಟೆಯಲ್ಲಿ ಕೂತು ಈ ಕಥೆ ಹೇಳಿ ನಾಲ್ಕು ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದೆ.

ಕೆಲಸಕ್ಕೆ ಒಂದು ಭಾನುವಾರ ಗೊತ್ತಾಯಿತು. ಮೀನುಗಳು ಡ್ರಮ್ಮಿಗೆ ಹೋದವು, ನೀರು ಬಕೆಟ್ಟುಗಳಿಗೆ ಹೋಯಿತು. ನಾನು ಡ್ರಿಲ್ ಹಿಡಿದೆ, ಭಾವ ಚೊಂಬಿನಿಂದ ಬಿಟ್ಟಿನ ಮೇಲೆ ಸಣ್ಣಗೆ ನೀರು ಬಿಡುತ್ತಾ ನಿಂತರು. “ಒತ್ಬೇಡ, ತಾನೇ ಕೊರ್ಕೊಳ್ಳತ್ತೆ” ಎಂದು ಗಳಿಗೆಗೊಮ್ಮೆ ಹೇಳಿದರು. ಬಿಲ್ಲೆಯಂಥ ಎರಡು ಗಾಜಿನ ತುಂಡು ಕಳಚಿ ಬಂದವು. ನಿಪ್ಪಲ್ ಕೂರಿಸುವಾಗ “ರಬ್ಬರ್ ವಾಷರ್ ಒಳಗಡೆ ಬರ್ಲಿ” ಎಂದರು. ನನಗೆ ವಾಷರ್ ಪಾಠ!

ಪೈಪು ಜೋಡಿಸಿ, ನೀರು ತುಂಬಿಸಿ, ಪಂಪು ಹಾಕಿದೆವು. ಒಂದನೇ ಪೈಪು ಸದ್ದಿಲ್ಲದೆ ನೀರಿಳಿಸತೊಡಗಿತು. ಭಾವ ಮೀನು ತರಲು ಬಚ್ಚಲಿಗೆ ಹೋದರು. ನಾನು ಸಾಮಾನು ಚೀಲಕ್ಕೆ ತುಂಬುತ್ತಾ ನೋಡಿದರೆ ಎರಡನೇ ಪೈಪು ಡಬ್ಬಿಯಲ್ಲಿ ಬಾಯಿ ತೆರೆದುಕೊಂಡು ನಿಂತಿದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ತಲೆಗೆ ತುಂಬಿದ ಮೊದಲ ಮಾತೇ ತೆರೆದ ಪೈಪು ಬಿಟ್ಟು ಮನೆಗೆ ಹೋಗಬೇಡ ಎಂಬುದು. ಜಿರಲೆ ಹೊಗುತ್ತದೆ, ನಾತ ಬರುತ್ತದೆ, ಕಸ ಬೀಳುತ್ತದೆ. ಕೈ ತಾನಾಗಿಯೇ ಚೀಲದಿಂದ ಪೈಪಿನ ಬಾಯಿ ಮುಚ್ಚುವ ಒಂದು ಎಂಡ್ ಕ್ಯಾಪ್ ತೆಗೆಯಿತು. ತೆಗೆದದ್ದು ಅಭ್ಯಾಸಬಲ, ಒಪ್ಪುತ್ತೇನೆ. ಆದರೆ ಒತ್ತಿ ಕೂರಿಸುವಾಗ ನನಗೆ ಎಚ್ಚರವಿತ್ತು. ಕೆಲಸಕ್ಕೆ ಬಾರದ ಪೈಪಿಗೂ ಕೆಲಸಕ್ಕೆ ಬಾರದ ಮನುಷ್ಯನಿಗೂ ಇಷ್ಟು ಸಾಕು ಎಂದುಕೊಂಡೇ ಒತ್ತಿದೆ. ಮೇಲೆ ಡಬ್ಬಿಯ ಕಪ್ಪು ಮುಚ್ಚಳ ಹಾಕಿದೆ.

ಭಾವ ಡ್ರಮ್ಮು ತಂದಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡರು. “ಎರಡನೇದನ್ನೂ ಒಂದ್ ಸಲ ನೋಡ್ಬಿಡೋಣ. ಮೊದಲ್ನೇದನ್ನ ಮುಚ್ಚಿ ಹಿಡ್ದು...”

“ನಾನ್ ನೋಡ್ದೆ ಭಾವ. ನೀರು ಸರಾಗವಾಗಿ ಇಳೀತು” ಎಂದೆ. ನನಗೆ ಬೇರೆ ಕಡೆ ಕೆಲಸವಿತ್ತು, ಇನ್ನೊಂದು ಗಂಟೆ ಈ ಅಳೆದುಸುರಿದು ಆಟ ಬೇಕಿರಲಿಲ್ಲ. “ಮೂವತ್ ವರ್ಷದಿಂದ ಇದನ್ನೇ ಮಾಡ್ತಿರೋದು ನಾನು.”

ಅವರು ಮುಚ್ಚಳ ನೋಡಿದರು, ನನ್ನನ್ನು ನೋಡಿದರು. “ನೀನ್ ನೋಡಿದೀಯ ಅಂದ್ರೆ ಆಯ್ತು ಬಿಡು” ಎಂದರು. ಆ ಮನುಷ್ಯ ಎರಡನೇ ಸಲ ನೋಡದೆ ಬಿಟ್ಟದ್ದು ಅದೊಂದನ್ನೇ ಇರಬೇಕು.

ಐದು ವಾರ ಏನೂ ಆಗಲಿಲ್ಲ. ಆರನೇ ವಾರ, ಬುಧವಾರ ಮಧ್ಯಾಹ್ನ, ಅಕ್ಕನ ಫೋನು ಬಂತು. ನಾನು ಹೋಗುವಷ್ಟರಲ್ಲಿ ವೇಬ್ರಿಡ್ಜಿನಿಂದ ಭಾವನೂ ಓಡಿ ಬಂದಿದ್ದರು. ಅಕ್ಕ ಪಂಪು ನಿಲ್ಲಿಸಿ, ಹಳೇ ಸೀರೆಗಳನ್ನು ನೆಲಕ್ಕೆ ಹಾಸಿದ್ದಳು. ಹೆಡ್‌ಮಿಸ್ಸು ಬಾಗಿಲಲ್ಲಿ ತೋರುಬೆರಳು ಎತ್ತಿ ನಿಂತಿದ್ದರು.

“ಬಚ್ಚಲ್ ನೀರು ಅಂತ ಸುಳ್ಳು ಹೇಳ್ಬೇಡಿ. ನಾಲಿಗೆಗೆ ಇಟ್ಟು ನೋಡಿದೀನಿ. ಉಪ್ಪು!”

“ಆರು ವಾರ ಅಳೆದ್ರಲ್ಲ ರೀ, ಇದೇನಾ ನಿಮ್ ಅಳತೆ?” ಎಂದಳು ಅಕ್ಕ.

ಭಾವ ಡಬ್ಬಿಯ ಮುಚ್ಚಳ ತೆಗೆದರು. ಪಾಚಿ ತಿನ್ನಲಿ ಎಂದು ಬಿಟ್ಟಿದ್ದ ಬಸವನಹುಳು ಒಂದನೇ ಪೈಪಿನ ಬಾಯಿಗೆ ಹೋಗಿ ಬಿರಡೆಯ ಹಾಗೆ ಕೂತಿತ್ತು. ಪಕ್ಕದಲ್ಲಿ, ನೀರಿನಡಿ, ನನ್ನ ಬೂದು ಬಣ್ಣದ ಕ್ಯಾಪು. ಅವರು ಅದನ್ನು ತಿರುಚಿ ಕಿತ್ತರು. ಗುಳಕ್ಕೆಂದು ಸದ್ದು ಮಾಡಿ ಮೇಲೆ ನಿಂತಿದ್ದ ನೀರೆಲ್ಲ ಆ ಎರಡನೇ ಪೈಪಿನಲ್ಲಿ ಇಳಿದುಹೋಯಿತು, ಸರಾಗವಾಗಿ. ನಾನು ಸುಳ್ಳು ಹೇಳಿದ್ದೆನಲ್ಲ, ಥೇಟ್ ಹಾಗೆಯೇ. ಭಾವ ಒಂದು ಕ್ಷಣ ನನ್ನ ಕಡೆ ನೋಡಿ ಕ್ಯಾಪನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

“ನಂದೇ ತಪ್ಪಮ್ಮ” ಎಂದರು ಹೆಡ್‌ಮಿಸ್ಸಿಗೆ. “ಭಾನುವಾರದೊಳಗೆ ತೆಗೆಸ್ತೀನಿ.”

ಭಾನುವಾರ ಮೀನಿನಂಗಡಿಯವನು ಗಾಡಿ ತಂದ. ಭಾವ ತಾವೇ ಸ್ಟೂಲು ಹಾಕಿಕೊಂಡು ಜಾಲರಿಯಿಂದ ಎರಡು ಮೀನನ್ನೂ ಹಿಡಿದು, ನೀರು ತುಂಬಿದ ಚೀಲಕ್ಕೆ ಬಿಟ್ಟು, ಬಾಯಿಗೆ ರಬ್ಬರ್ ಬ್ಯಾಂಡ್ ಎರಡೆರಡು ಸಲ ಸುತ್ತಿದರು. ಅವತ್ತು ಮೀನುಗಳ ಹತ್ತಿರವೂ ಮಾತಾಡಲಿಲ್ಲ. ಅಂಗಡಿಯವನು ತೊಟ್ಟಿಯ ಹಿಂದೆ ಬಗ್ಗಿ ನೋಡಿ ಹುಬ್ಬೇರಿಸಿದ.

“ಅಲ್ರೀ, ಎರಡನೇ ಪೈಪ್ ಇದ್ದೂ ಅದ್ಹೇಗೆ ಚೆಲ್ತು?”

“ಅದಕ್ಕೆ ಕ್ಯಾಪ್ ಹಾಕಿತ್ತು” ಎಂದರು ಭಾವ.

“ಕ್ಯಾಪಾ? ಯಾವ್ ಕತ್ತೆ ಹಾಕಿದ್ದು?”

ನಾನು ಬಕೆಟ್ಟು ಹಿಡಿದುಕೊಂಡು ಎರಡು ಮಾರು ದೂರದಲ್ಲಿ ನಿಂತಿದ್ದೆ.

“ನಾನೇ” ಎಂದರು ಭಾವ.

ಅಂಗಡಿಯವನು ಅವರನ್ನು ಅಡಿಯಿಂದ ಮುಡಿಯ ತನಕ ನೋಡಿ ತುಟಿಯ ಒಂದು ಕೊನೆಯಲ್ಲಿ ನಕ್ಕ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೆರಡು ವರ್ಷ ನಾನು ಭಾವನನ್ನು ನೋಡಿದ್ದು ಅದೇ ನೋಟದಲ್ಲಿ. ಆಚೆ ನಿಂತು ಅದನ್ನು ಕಂಡಾಗ ಎಷ್ಟು ಕೊಳಕಾಗಿದೆ ಅನ್ನಿಸಿತು.

ಗಾಡಿ ಹೋದಮೇಲೆ ಮೆಟ್ಟಿಲಲ್ಲಿ ಅವರನ್ನು ತಡೆದೆ. “ಹಾಕಿದ್ದು ನಾನು ಅಂತ ಹೇಳ್ಬೋದಿತ್ತಲ್ಲ ಭಾವ?”

ಅವರು ಜೇಬಿನಿಂದ ಆ ಕ್ಯಾಪು ತೆಗೆದು ನನ್ನ ಅಂಗೈಗೆ ಇಟ್ಟರು. ತೊಳೆದು ಒರೆಸಿದ್ದರು, ಉಪ್ಪಿನ ಕಲೆ ಕೂಡ ಇರಲಿಲ್ಲ.

“ಬೈಸ್ಕೊಂಡು ನಂಗೆ ಅಭ್ಯಾಸ ಇದೆ. ನಿಂಗಿಲ್ಲ” ಎಂದು ಮೇಲೆ ಹೋದರು.

ಮೇಲಿನಿಂದ ಅಕ್ಕನ ದನಿ ಶುರುವಾಯಿತು. ಆರು ವಾರದ ಅಳತೆ, ಹಾಳಾದ ಸೀರೆಗಳು, ಹೆಡ್‌ಮಿಸ್ಸಿನ ಮುಂದೆ ಹೋದ ಮಾನ, ಒಂದು ವಾಷರ್ ಹಾಕಲೂ ಬಾರದ ಗಂಡ. ಹತ್ತು ಮೆಟ್ಟಿಲು ಹತ್ತಿ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕ್ಯಾಪನ್ನು ಜೇಬಿಗೆ ಹಾಕಿಕೊಂಡು ಕೆಳಗಿಳಿದು ಬಂದೆ.