ನೆನೆಯದ ಬಟ್ಟೆಗೆ ಕತ್ತರಿ

ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುವ ಆಕೆಯನ್ನು ಎಲ್ಲರೂ ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಅಂಗಿಯ ಗುಂಡಿ ತೂರುವ ಆ ಪುಟ್ಟ ಕಿಂಡಿಗಳನ್ನು ಕೈಯಲ್ಲೇ ಹೊಲಿಯುತ್ತ ಆಕೆಯ ತಲೆ ನರೆತಿತ್ತು. ಸಕ್ಕರೆ ಕಾಯಿಲೆ ಬಂದ ಮೇಲೆ ಲೋಕವೇ ಮೆತ್ತಗಾಯಿತು. ಬೀದಿದೀಪಗಳು ಹತ್ತಿಯ ಉಂಡೆಗಳಾದವು, ಎದುರು ಗೋಡೆಯ ನೀಲಿ ಬಣ್ಣ ಆಕಾಶದೊಳಕ್ಕೆ ಹರಿಯಿತು, ಸೂಜಿಯ ಕಣ್ಣಂತೂ ಮುಚ್ಚಿಕೊಂಡೇ ಬಿಟ್ಟಿತು. ಅಕ್ಕ ತಡಮಾಡದೆ ಹೊಸ ಕನ್ನಡಕ ಮಾಡಿಸಿಕೊಂಡಳು.

ಮಾತ್ರೆ ಶುರುವಾಗಿ ಸಕ್ಕರೆ ಇಳಿಯತೊಡಗಿದ್ದೇ ತಡ, ಆ ಕನ್ನಡಕದೊಳಗೂ ಎಲ್ಲವೂ ತೇಲತೊಡಗಿತು. ಅಕ್ಕನಿಗೆ ಮೈಯೆಲ್ಲ ಉರಿಯಿತು. ನೇರ ಹೋಗಿ ಕನ್ನಡಕದಂಗಡಿಯವನ ಮುಂದೆ ಅದನ್ನು ಕುಕ್ಕಿದಳು.

“ಮಣ್ಣೆರಚೋಕೆ ನಿಂಗೆ ನನ್ನ ಕಣ್ಣೇ ಸಿಕ್ತಾ?”

“ಹಾಗಲ್ಲಕ್ಕ. ಸಕ್ಕರೆ ಏರಿಳಿದ ಹಾಗೆ ಕಣ್ಣಿನ ಪವರ್ರೂ ಬದಲಾಗುತ್ತೆ. ನೀವು ಅದು ಏರಿದ್ದಾಗ ಅಳತೆ ಕೊಟ್ಟಿದ್ದೀರಿ. ಕೆಲವು ವಾರ ಸಕ್ಕರೆ ಒಂದೇ ಸಮ ನಿಲ್ಲಲಿ, ಆಮೇಲೆ ಮತ್ತೆ ನೋಡೋಣ.”

ಅಕ್ಕನ ಸಿಟ್ಟು ಜರ್ರನೆ ಇಳಿಯಿತು. ಹೊಸ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಅದು ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಅಳೆದು ಕತ್ತರಿಸಬೇಕೆಂದು ಅಂಗಡಿಗೆ ಬಂದವರ ತಲೆ ತಿನ್ನುತ್ತಿದ್ದವಳು ತಾನೇ ಅಲ್ಲವೆ?

ಸಂಜೆ ಮನೆಯ ಕಿಟಕಿಯಲ್ಲಿ ಕುಳಿತಳು. ಹತ್ತಿಯುಂಡೆಯಂಥ ದೀಪಗಳು ಒಂದೊಂದಾಗಿ ಅರಳಿ, ಬೀದಿಯೆಲ್ಲ ತೇಲಿತು. ಸೊಸೆ ಸೂಜಿಗೆ ದಾರ ಪೋಣಿಸಿ ಕೊಡುತ್ತ ಕೇಳಿದಳು, “ಕಣ್ಣು ಹೇಗಿದೆ ಅತ್ತೆ?”

“ನೆನೆ ಹಾಕಿದ್ದೀನಿ ಕಣೆ,” ಎಂದಳು ಅತ್ತೆ. “ಒಣಗಲಿ.”