ಬರೀ ನೀರಿನ ಗುಂಪು

ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಬರುವ ವೀರಮ್ಮ ಶಿವಮೊಗ್ಗದ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಹೆಸರಿಗೆ ಆಯಾ, ಇಲಿಮನೆಗೆ ಒಡತಿ. ಪ್ರಿನ್ಸಿಪಾಲರೂ ಅಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಬರಬೇಕು. ಪಂಜರ ತೊಳೆಯುತ್ತಾ ಬಿಳಿ ಇಲಿಗಳನ್ನು ಗದರುತ್ತಾರೆ, ಮರುಗಳಿಗೆಗೆ "ತಿನ್ನು ಮಾರಾಯ್ತಿ" ಎಂದು ರಮಿಸುತ್ತಾರೆ.

ಒಂದೆಲಗದ ಎಲೆಯಿಂದ ಬೇರ್ಪಡಿಸಿದ ಅಂಶ ಖಿನ್ನತೆಗೆ ಮದ್ದಾದೀತೇ ಎಂಬುದು ನನ್ನ ಸಂಶೋಧನೆ. ಇಲಿಗಳ ಒಂದು ಗುಂಪಿಗೆ ಮದ್ದು, ಹೋಲಿಸಿ ನೋಡಲೆಂದು ಇನ್ನೊಂದಕ್ಕೆ ಬರೀ ನೀರು. ಕೊನೆಗೆ ಒಂದೊಂದನ್ನೇ ನೀರಿನ ಜಾಡಿಗೆ ಬಿಟ್ಟು, ಈಜುವುದನ್ನು ಬಿಟ್ಟು ಎಷ್ಟು ಹೊತ್ತು ಸುಮ್ಮನೆ ತೇಲುತ್ತದೆಂದು ನೋಡುವುದು. ಮದ್ದು ಹಿಡಿದರೆ ಇಲಿ ಅಷ್ಟು ಬೇಗ ಕೈಚೆಲ್ಲುವುದಿಲ್ಲ.

ಈ ಈಜಿನ ಪರೀಕ್ಷೆಗೆ ಇನ್ನೇನು ಒಂದು ದಿನವಿದೆ ಎನ್ನುವಾಗ ನೀರಿನ ಗುಂಪಿನ ಪಂಜರದಲ್ಲಿ ಒಂದೆಲಗದ ತೊಟ್ಟುಗಳು ಸಿಕ್ಕವು.

"ಏನಿದು ವೀರಮ್ಮ?"

"ಒಂದೇ ಪಂಕ್ತೀಲಿ ಕೂತಿರೋವು ಮೇಡಂ. ಆ ಕಡೆಯವಕ್ಕೆ ಬಡಿಸಿ ಈ ಕಡೆಯವಕ್ಕೆ ಬರೀ ನೀರಾ? ನಮ್ಮಲ್ಲಿ ಹಂಗೆ ಮಾಡಲ್ಲ. ಹಿತ್ಲಿಂದ ದಿನಾ ಒಂದ್ ಹಿಡಿ ತಂದು ಹಾಕ್ತಿದ್ದೆ."

ನಾನು ಮೊದಲೇ ಸಿಡುಕಿ. ಇಷ್ಟು ದಿನದ ದುಡಿಮೆ ಮಣ್ಣುಪಾಲಾಯಿತೆಂದು ಕೂಗಾಡಿದೆ. ಅವರು ತೊಟ್ಟುಗಳನ್ನು ಹೆಕ್ಕಿ ಪಂಜರ ತೊಳೆಯತೊಡಗಿದರು.

ಹೊಸ ಇಲಿಗಳೊಂದಿಗೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಿದೆ. ಪರೀಕ್ಷೆಯ ದಿನ ಒದ್ದೆ ಇಲಿ ಒರೆಸಲು ಟವೆಲ್ ಹಿಡಿದು ವೀರಮ್ಮ ಪಕ್ಕದಲ್ಲೇ ನಿಂತಿದ್ದರು. ಜಾಡಿಯಲ್ಲಿ ಒಂದು ಇಲಿ ಕಾಲಾಡಿಸುವುದನ್ನು ಬಿಟ್ಟು ಸುಮ್ಮನಾಯಿತು.

"ನಮ್ಮನೆಯವ್ರೂ ಹಿಂಗೇ ಮೇಡಂ," ಎಂದರು. "ಫ್ಯಾಕ್ಟ್ರಿ ಕೆಲಸ ಹೋದ್ಮೇಲೆ ಗೋಡೆ ಕಡೆ ತಿರುಗಿ ಮಲಗಿರ್ತಾರೆ. ಕರೆದ್ರೂ ಓಗೊಡಲ್ಲ. ನಿಮ್ಮ ಮದ್ದು ಗೆದ್ರೆ ಕೊಡೋಣ ಅಂತ ಕಾಯ್ತಿದೀನಿ."

ಇಲಿಯಲ್ಲಿ ಗೆದ್ದ ಮದ್ದು ಮನುಷ್ಯರಿಗೆ ಸಿಗಲು ಎಷ್ಟೋ ವರ್ಷ ಬೇಕು, ಸಿಗದೆಯೂ ಹೋಗಬಹುದು. ಈ ಮಾತನ್ನು ನಾನು ಅವರಿಗೆ ಯಾವತ್ತೂ ಹೇಳಿರಲೇ ಇಲ್ಲ.

"ಇದಕ್ಕೆ ಕಾಯ್ಬೇಡಿ ವೀರಮ್ಮ. ಈಗಲೇ ಡಾಕ್ಟರಿದಾರೆ, ಮಾತ್ರೆ ಇದೆ. ನಾಳೇನೇ ಕರ್ಕೊಂಡ್ ಬನ್ನಿ."

ಮರುದಿನ ಗಂಡ ಭೂತಪ್ಪನವರನ್ನು ಕೈಹಿಡಿದು ವಿನೋಬನಗರದ ಮನೋವೈದ್ಯರ ಕ್ಲಿನಿಕ್ಕಿಗೆ ಕರೆತಂದರು. ಇಸ್ತ್ರಿ ಅಂಗಿ ತೊಡಿಸಿದ್ದರು. ಭೂತಪ್ಪನವರ ಕಣ್ಣು ಮಾತ್ರ ನೆಲ ಬಿಟ್ಟು ಏಳಲಿಲ್ಲ. ಡಾಕ್ಟರು ಬಹಳ ಹೊತ್ತು ಮಾತಾಡಿಸಿದರು. ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೈಗೆ ಬಂದಾಗ ವೀರಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

"ನಿಜ ಹೇಳಿ ಮೇಡಂ. ಇಲ್ಲೂ ಬರೀ ನೀರಿನ ಗುಂಪು ಅಂತ ಇರುತ್ತಾ? ನಮ್ಮೋರನ್ನ ಅದ್ರಲ್ಲಿ ಕೂರಿಸಿಲ್ಲ ತಾನೇ?"

"ಇಲ್ಲ ವೀರಮ್ಮ. ಇಲ್ಲಿ ಎಲ್ರಿಗೂ ಬಡಿಸ್ತಾರೆ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಭದ್ರಾವತಿ ಬಸ್ಸಿನಲ್ಲಿ ಗಂಡನಿಗೆ ಕಿಟಕಿ ಪಕ್ಕದ ಸೀಟು ಹಿಡಿಯಬೇಕೆಂದು ಅವಸರದಲ್ಲಿ ಹೊರಟರು.